ಸೂಪರ್ ಹೀರೋ ವೇಷಕ್ಕೆ ಚರ್ಮದ ಮೈ: ರೆಕ್ಸಿನ್, ಫೋಮ್, ಲೇಟೆಕ್ಸ್, ಯಾವುದು ಎಲ್ಲಿಗೆ?

ಕಾಲೇಜು ಫೆಸ್ಟು, ಗಣಪತಿ ಮೆರವಣಿಗೆ, ಶಾರ್ಟ್ ಫಿಲಂ, ಮಕ್ಕಳ ಫ್ಯಾನ್ಸಿ ಡ್ರೆಸ್ಸು. ಸೂಪರ್ ಹೀರೋ ವೇಷ ಬೇಕಾಗುವ ಸಂದರ್ಭಗಳು ಈಗ ಜಾಸ್ತಿ. ಬಾಡಿಗೆಗೆ ಸಿಗುವುದರಲ್ಲಿ ಹೆಚ್ಚಿನವು ತೆಳ್ಳನೆಯ ಬಟ್ಟೆ, ಅದರ ಮೇಲೆ ಪ್ರಿಂಟ್ ಹೊಡೆದ ಸ್ನಾಯು. ದೂರದಿಂದ ಓಕೆ, ಹತ್ತಿರ ಬಂದರೆ ಬಣ್ಣ ಬಯಲು. ಚರ್ಮದಂತೆ ಕಾಣಬೇಕು, ಎದೆ ಭುಜ ಉಬ್ಬಿರಬೇಕು, ಹೀರೋ ನಮ್ಮದೇ ಕಲ್ಪನೆಯವನಾಗಿರಬೇಕು ಅಂದರೆ ನಾವೇ ಮಾಡಿಕೊಳ್ಳಬೇಕು.

ಇದಕ್ಕೆ ಮುಖ್ಯವಾಗಿ 3 ದಾರಿಗಳಿವೆ. ರೆಕ್ಸಿನ್, ಅಂದರೆ ಸೀಟು ಸೋಫಾಗಳಿಗೆ ಹಾಕುವ ಕೃತಕ ಚರ್ಮ, ತಂದು ಹೊಲಿಸುವುದು. ಇವಿಎ ಫೋಮ್ ಅನ್ನುವ ರಬ್ಬರಿನಂಥ ಹಗುರ ಹಾಳೆ ಕತ್ತರಿಸಿ, ಬಿಸಿ ಮಾಡಿ, ಅಂಟಿಸುವುದು. ಮಣ್ಣಿನಲ್ಲಿ ರೂಪ ತಿದ್ದಿ, ಪಿಓಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚು ತೆಗೆದು, ಅದರೊಳಗೆ ಲೇಟೆಕ್ಸ್, ಅಂದರೆ ದ್ರವ ರಬ್ಬರ್, ಹಚ್ಚಿ ಒಣಗಿದ ಮೇಲೆ ಎಬ್ಬಿಸುವುದು. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನಾದರೆ ಬೇರೆ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಮೈಯಲ್ಲಿ ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ? ಬಾಗುವ ಜಾಗಕ್ಕೆ ರೆಕ್ಸಿನ್. ಬಾಗದ ಜಾಗಕ್ಕೆ ಫೋಮ್ ಅಥವಾ ಅಚ್ಚಿನ ಕೆಲಸ. ಇಡೀ ಮೈಯನ್ನು ಒಂದೇ ವಸ್ತುವಿನಲ್ಲಿ ಮುಗಿಸಲು ಹೊರಟವರ ವೇಷ ನೋಡಲು ಚಂದ ಇರಬಹುದು, ಆದರೆ ಹಾಕಿಕೊಂಡವನಿಗೆ ಕೂರಲೂ ಆಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಿತ್ರದುರ್ಗದ ಹುಡುಗಿಯೊಬ್ಬಳು ಒನಕೆ ಓಬವ್ವನ ಜಾಡಿನಲ್ಲಿ ಈ ಕಾಲದ ಒಬ್ಬ ಸೂಪರ್ ಹೀರೋಯಿನ್ ಕಟ್ಟುತ್ತಾಳೆ ಅಂದುಕೊಳ್ಳಿ. ಎದೆಗವಚ, ಭುಜದ ತುಂಡು, ಮುಂಗೈ ಪಟ್ಟಿ, ಸೊಂಟಪಟ್ಟಿ, ಅರ್ಧ ಮುಖವಾಡ, ಕೈಯಲ್ಲಿ ಒನಕೆ. ಒನಕೆ ಬೀಸಬೇಕಾದರೆ ಎರಡೂ ಕೈ ತಲೆಯ ಮೇಲೆ ಹೋಗಬೇಕು. ಅಲ್ಲಿಗೆ ಕಂಕುಳು, ಭುಜದ ಕೀಲು, ಸೊಂಟ ಈ ಮೂರೂ ಕಡೆ ಗಟ್ಟಿ ವಸ್ತು ಇರುವಂತಿಲ್ಲ ಅಂತ ತೀರ್ಮಾನ ಆಯ್ತಲ್ವಾ? ಇನ್ನೊಂದು ಮಾತು. ಫೋಟೋಗೆ ಓಬವ್ವನ ಕಿಂಡಿಗೇ ಹೋಗುವ ಆಸೆ ಇದ್ದರೆ ಭುಜದ ಅಗಲವನ್ನು ಮೊದಲೇ ಯೋಚಿಸಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಬೇಕಾದ ಜಾಗ ಅದು. ನಿಮ್ಮ ಹೀರೋಯಿನ್ನೇ ಅಲ್ಲಿ ಸಿಕ್ಕಿಹಾಕಿಕೊಂಡರೆ ಕಥೆ ತಿರುಗುಮುರುಗು.

ಅಳತೆ

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಹೋದರೂ ಪರವಾಗಿಲ್ಲ ಅನ್ನುವ ಹಳೆಯ ಟೀ ಶರ್ಟು, ಪ್ಯಾಂಟು ಹಾಕಿಕೊಳ್ಳಿ. ಅದರ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲಂ ಸುತ್ತಿಸಿಕೊಳ್ಳಿ, ಅದರ ಮೇಲೆ ಟೇಪು. ಎದೆಯ ಸುತ್ತ ಟೇಪು ಹಾಕುವಾಗ ಉಸಿರು ತುಂಬಿಕೊಂಡಿರಿ, ಇಲ್ಲದಿದ್ದರೆ ವೇಷದೊಳಗೆ ಉಸಿರಾಡಲು ಜಾಗ ಇರುವುದಿಲ್ಲ. ಈಗ ಕೈ ಎತ್ತಿ, ಕೂತು, ಬಗ್ಗಿ ನೋಡಿ. ಎಲ್ಲೆಲ್ಲಿ ಟೇಪು ಸುಕ್ಕುಗಟ್ಟುತ್ತದೋ ಅಲ್ಲೆಲ್ಲ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಸಿ. ಆ ಗುರುತೇ ರೆಕ್ಸಿನ್ನಿಗೂ ಫೋಮಿಗೂ ನಡುವಿನ ಗಡಿ. ಆಮೇಲೆ ಮೊಂಡು ತುದಿಯ ಕತ್ತರಿಯಿಂದ ಬಿಡಿಸಿ, ಗೆರೆಯ ಮೇಲೇ ತುಂಡು ಮಾಡಿದರೆ ನಿಮ್ಮ ಮೈಯ ಪ್ಯಾಟರ್ನ್ ಸಿಕ್ಕಿತು.

ರೆಕ್ಸಿನ್: ಹೊಲಿದರೆ ಮುಗಿಯಿತು, ಆದರೆ ಉಬ್ಬು ಬರುವುದಿಲ್ಲ

ದಾವಣಗೆರೆ, ಚಿತ್ರದುರ್ಗ ಎರಡೂ ಹೆದ್ದಾರಿ 48ರ ಮೇಲಿನ ಊರುಗಳು. ಲಾರಿ, ಬಸ್ಸು, ಆಟೋ ಸೀಟು ಹೊಲಿಯುವ ಕುಷನ್ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ನಮಗೆ ಇದೇ ದೊಡ್ಡ ಅನುಕೂಲ. ಬಟ್ಟೆ ಹೊಲಿಯುವ ಮಾಮೂಲಿ ಟೈಲರ್ ಮಿಷನ್ನು ದಪ್ಪ ರೆಕ್ಸಿನ್ನಿನ ಮೇಲೆ ಮುಗ್ಗರಿಸುತ್ತದೆ. ಸೀಟ್ ಕವರ್ ಮಿಷನ್ನಿಗೆ ಅದು ದಿನದ ಕೆಲಸ. ಪ್ಯಾಟರ್ನ್ ನೀವು ಕತ್ತರಿಸಿ ಕೊಟ್ಟರೆ ಬರೀ ಹೊಲಿಗೆಗೆ ಒಪ್ಪುವವರು ಸಿಗುತ್ತಾರೆ. "ಇದು ಯಾವ ಗಾಡಿ ಸೀಟ್ರೀ?" ಅಂತ ಒಂದು ಸಲ ಕೇಳಿಯೇ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ರೆಕ್ಸಿನ್ನಿನಲ್ಲಿ ಪಿವಿಸಿ, ಪಿಯು ಅಂತ ಎರಡು ಜಾತಿ. ಪಿವಿಸಿ ದಪ್ಪ, ಬಿರುಸು, ಹೊಳಪು ಜಾಸ್ತಿ, ಅಗ್ಗ. ಪಿಯು ಮೆತ್ತಗೆ, ನಿಜವಾದ ಚರ್ಮಕ್ಕೆ ಹತ್ತಿರ, ಆದರೆ ಕೆಲವು ವರ್ಷಕ್ಕೆ ಸಿಪ್ಪೆ ಏಳುತ್ತದೆ. ವೇಷಕ್ಕೆ ಪಿಯು ಮೇಲು. ಅಂಗಡಿಯಲ್ಲೇ 2 ಪರೀಕ್ಷೆ ಮಾಡಿ. ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಹಿಂಭಾಗದಲ್ಲಿ ಹೆಣೆದ ಬಟ್ಟೆ, ಅಂದರೆ ಬನಿಯನ್ ಬಟ್ಟೆಯ ಥರದ್ದು ಇದ್ದರೆ ಹಿಗ್ಗುತ್ತದೆ, ನೇಯ್ದ ಬಟ್ಟೆ ಇದ್ದರೆ ಹಿಗ್ಗುವುದಿಲ್ಲ. ಹಿಗ್ಗುವ ದಿಕ್ಕು ಮೈಯ ಸುತ್ತಳತೆಗೆ ಬರುವಂತೆ ಕತ್ತರಿಸಬೇಕು. ಎರಡನೆಯದು, ಮಡಚಿ ಉಗುರಿನಿಂದ ಒತ್ತಿ. ಬಿಳಿ ಗೆರೆ ಉಳಿದರೆ ಆ ಮಾಲು ಬೇಡ, ಮೊಣಕೈಯಲ್ಲಿ ಮೊದಲು ಬಿರುಕು ಬಿಡುವುದು ಅದೇ.

ಹೊಲಿಗೆಯಲ್ಲಿ ಎಚ್ಚರ ಬೇಕಾದ ಸಂಗತಿ ತೂತು. ಬಟ್ಟೆಗೆ ಚುಚ್ಚಿದ ಗುಂಡುಪಿನ್ನಿನ ತೂತು ಮುಚ್ಚಿಕೊಳ್ಳುತ್ತದೆ, ರೆಕ್ಸಿನ್ನಿನದು ಶಾಶ್ವತ. ಅದಕ್ಕೇ ಪಿನ್ ಬದಲು ಬಟ್ಟೆ ಒಣಹಾಕುವ ಕ್ಲಿಪ್ ಬಳಸಿ. ಹೊಲಿಗೆಯ ಅಂತರ 3ರಿಂದ 4 ಮಿಲಿಮೀಟರ್ ಇರಲಿ. ಸಣ್ಣ ಸಣ್ಣ ಹೊಲಿಗೆ ಹಾಕಿಸಿದರೆ ರೆಕ್ಸಿನ್ ಅಂಚೆ ಚೀಟಿಯ ಹಾಗೆ ಸಾಲಾಗಿ ಹರಿದು ಬರುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನಂತೂ ಹತ್ತಿರ ತರಬೇಡಿ.

ರೆಕ್ಸಿನ್ನಿನ ಕೊರತೆ ಒಂದೇ. ಅದು ಹಾಳೆ. ಹೊಟ್ಟೆಯ ಸ್ನಾಯು, ಎದೆಯ ಉಬ್ಬು, ಲಾಂಛನ ಇವನ್ನು ಹಾಳೆಯಿಂದ ಎಬ್ಬಿಸುವುದು ಕಷ್ಟ. ಒಳಗೆ ಸ್ಪಂಜು ಇಟ್ಟು ಮೇಲೆ ಹೊಲಿಗೆ ಓಡಿಸಿದರೆ ಸ್ವಲ್ಪ ಉಬ್ಬು ಬರುತ್ತದೆ, ಆದರೆ ಕೊನೆಗೆ ಸೋಫಾ ನೆನಪಾಗುತ್ತದೆ.

ಇವಿಎ ಫೋಮ್: ಮೊದಲ ಸಲ ಮಾಡುವವರಿಗೆ ಇದೇ

ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟಿಗೆ ಸಿಗುವ 2 ಮಿಲಿಮೀಟರಿನ ಬಣ್ಣದ ಹಾಳೆ, ಮಕ್ಕಳ ಆಟದ ಕೋಣೆಗೆ ಜೋಡಿಸುವ 10 ಮಿಲಿಮೀಟರಿನ ಮ್ಯಾಟು, ಚಪ್ಪಲಿಯ ಅಟ್ಟೆಗೆ ಬಳಸುವ ಗಟ್ಟಿ ಶೀಟು, ಎಲ್ಲವೂ ಇದೇ ಜಾತಿಯವು. ಎದೆಗವಚಕ್ಕೆ 5ರಿಂದ 10 ಮಿಲಿಮೀಟರ್, ಅಲಂಕಾರದ ಪಟ್ಟಿಗೆ 2 ಮಿಲಿಮೀಟರ್ ಸಾಕು. ಪ್ಯಾಕಿಂಗಿಗೆ ಬರುವ ಬಿಳಿ ಹಗುರ ಫೋಮ್ ಇದಲ್ಲ. ಅದನ್ನು ಬಿಸಿ ಮಾಡಿದರೆ ಕುಗ್ಗಿ ಕರಗುತ್ತದೆ.

ಇವಿಎಯ ಗುಣ ಏನೆಂದರೆ ಬಿಸಿ ಗಾಳಿ ಊದುವ ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ಮಂಡಿಯ ಮೇಲೆ ಒತ್ತಿ ಹಿಡಿದರೆ, ತಣ್ಣಗಾದ ಮೇಲೂ ಆ ಬಾಗನ್ನೇ ಹಿಡಿದುಕೊಳ್ಳುತ್ತದೆ. ಬಿಸಿ ತಾಗಿದಾಗ ಮೇಲ್ಮೈಯ ಸಣ್ಣ ರಂಧ್ರಗಳೂ ಮುಚ್ಚಿ, ಬಣ್ಣ ಹೀರುವುದು ಕಡಿಮೆಯಾಗುತ್ತದೆ. ಕತ್ತರಿಸಲು ಪೇಪರ್ ಕಟರ್ ಸಾಕು, ಆದರೆ ಬ್ಲೇಡು ಆಗಾಗ ಬದಲಿಸಬೇಕು. ಮೊಂಡು ಬ್ಲೇಡು ಅಂಚನ್ನು ಹರಿಯುತ್ತದೆ. ಅಂಟಿಗೆ ಫೆವಿಕಾಲ್ ಎಸ್‌ಆರ್ ಥರದ ರಬ್ಬರ್ ಅಂಟು ಬೇಕು. ಎರಡೂ ಅಂಚಿಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾದು, ಆಮೇಲೆ ಒತ್ತಬೇಕು. ತಾಳ್ಮೆ ಇಲ್ಲದೆ ಹಸಿಯಾಗಿ ಒತ್ತಿದರೆ ಜಾರುತ್ತದೆ. ಇದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ತಲೆಯೂ ಸುತ್ತುತ್ತದೆ. ತಾರಸಿಯ ಮೇಲೆ ಕೂತು ಮಾಡಿ. ಅಂಟು ತೆರೆದಿರುವಾಗ ಹೀಟ್ ಗನ್ ಆಫ್ ಇರಲಿ.

ಚರ್ಮದ ಗೆರೆ ಬರಿಸಲು ಎಲ್ಲರೂ ಹೇಳಿಕೊಡುವ ಉಪಾಯ ಅಲ್ಯೂಮಿನಿಯಂ ಫಾಯಿಲ್ಲಿನದು. ಫಾಯಿಲ್ಲನ್ನು ಮುದುಡಿ ಉಂಡೆ ಮಾಡಿ ಬಿಸಿ ಫೋಮಿನ ಮೇಲೆ ಒತ್ತುವುದು. ಸುಲಭ, ಖರ್ಚೇ ಇಲ್ಲ. ಆದರೆ ನನ್ನ ಕಣ್ಣಿಗೆ ಅದರಿಂದ ಬರುವುದು ಚರ್ಮ ಅಲ್ಲ, ದುರ್ಗದ ಬಂಡೆ. ಕೋಟೆಯ ಕಲ್ಲಿನ ಲಾಂಛನ ಮಾಡುವುದಿದ್ದರೆ ಆ ಉಪಾಯ ಚೆನ್ನಾಗಿದೆ. ಚರ್ಮಕ್ಕೆ ಠಸ್ಸೆ ಬೇಕು, ಅಂದರೆ ಚರ್ಮದ ಗೆರೆಗಳನ್ನು ಒತ್ತಿ ಮೂಡಿಸುವ ಮುದ್ರೆ.

ಠಸ್ಸೆ: ಇಡೀ ವೇಷ ನಿಂತಿರುವುದು ಇದರ ಮೇಲೆ

ಕೈ ರೆಕ್ಸಿನ್, ಎದೆ ಫೋಮ್ ಆದಾಗ ಎರಡರ ಮೈ ಬೇರೆ ಬೇರೆ ಕಂಡರೆ ವೇಷ ಕೆಟ್ಟಿತು. ಆದ್ದರಿಂದ ಬೇರೆಲ್ಲಿಂದಲೋ ಟೆಕ್ಸ್ಚರ್ ತರುವ ಬದಲು, ನೀವು ಕೈಗೆ ಹೊಲಿಸಿದ ಅದೇ ರೆಕ್ಸಿನ್ನಿನಿಂದಲೇ ಠಸ್ಸೆ ತೆಗೆಯಿರಿ. ಎರಡೂ ಕಡೆ ಒಂದೇ ಗ್ರೇನ್, ಅಂದರೆ ಚರ್ಮದ ಮೇಲಿನ ಕಾಳು ಗೆರೆಗಳ ವಿನ್ಯಾಸ, ಬರುತ್ತದೆ.

ರೆಕ್ಸಿನ್ನನ್ನೇ ನೇರವಾಗಿ ಒತ್ತಿದರೆ ಆಗಲ್ವಾ? ಆಗುತ್ತದೆ, ಆದರೆ ಉಲ್ಟಾ. ಅದರಲ್ಲಿ ಉಬ್ಬಿರುವ ಕಾಳು ಫೋಮಿನಲ್ಲಿ ಗುಂಡಿ ಆಗುತ್ತದೆ, ಗೆರೆ ದಿಬ್ಬ ಆಗುತ್ತದೆ. ನಡುವೆ ಒಂದು ಅಚ್ಚು ಬಂದರೆ ಮಾತ್ರ ಸರಿಯಾಗಿ ಕೂರುತ್ತದೆ.

ಅಗ್ಗದ ಠಸ್ಸೆಗೆ ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಸೀಲೆಂಟ್ ಮತ್ತು ದಿನಸಿ ಅಂಗಡಿಯ ಕಾರ್ನ್‌ಫ್ಲೋರ್. ವಿನೆಗರ್ ವಾಸನೆ ಬರುವ ಜಾತಿಯ ಸೀಲೆಂಟೇ ಬೇಕು. ಅಂಗೈಯಗಲದ ರೆಕ್ಸಿನ್ ತುಂಡನ್ನು ಹಲಗೆಗೆ ಬಿಗಿಯಾಗಿ ಅಂಟಿಸಿ. ತೆಳ್ಳಗೆ, ತೀರಾ ತೆಳ್ಳಗೆ ವ್ಯಾಸಲೀನ್ ಸವರಿ. ಮೊದಲು ಬರೀ ಸೀಲೆಂಟನ್ನು ಬೆರಳಿನಿಂದ ಗೆರೆಗಳೊಳಗೆ ತಿಕ್ಕಿ, ಗಾಳಿಗುಳ್ಳೆ ಉಳಿಯಬಾರದು. ಆಮೇಲೆ ಸೀಲೆಂಟಿಗೆ ಕಾರ್ನ್‌ಫ್ಲೋರ್ ಕಲಸಿ, ಕೈಗೆ ಅಂಟದ ಹದಕ್ಕೆ ಬಂದದ್ದನ್ನು ಮೇಲೆ ದಪ್ಪವಾಗಿ ಒತ್ತಿ. ಬರೀ ಸೀಲೆಂಟ್ ದಪ್ಪಗಿದ್ದರೆ ಒಳಗೆ ಒಣಗಲು ತುಂಬಾ ಹೊತ್ತು ಬೇಕು, ಕಾರ್ನ್‌ಫ್ಲೋರ್ ಸೇರಿದರೆ ಬೇಗ ಗಟ್ಟಿಯಾಗುತ್ತದೆ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ.

ಲೇಟೆಕ್ಸಿನಲ್ಲೂ ಠಸ್ಸೆ ತೆಗೆಯಬಹುದು. ಒಂದರ ಮೇಲೊಂದು ತೆಳು ಕೋಟು ಹಚ್ಚಿ, ಪ್ರತಿ ಕೋಟಿನ ಬಿಳಿ ಹೋಗಿ ಕಂದು ಬಣ್ಣ ಬರುವ ತನಕ ಕಾಯಬೇಕು. ನಡುವೆ ಬ್ಯಾಂಡೇಜ್ ಬಟ್ಟೆ ಕೂರಿಸಿದರೆ ಹರಿಯುವುದಿಲ್ಲ. ಇಲ್ಲಿ ವ್ಯಾಸಲೀನ್ ಬೇಡ. ಎಣ್ಣೆ ಜಿಡ್ಡು ರಬ್ಬರಿಗೆ ಶತ್ರು. ಸೋಪಿನ ನೀರು ಸವರಿ ಒಣಗಿಸಿದರೆ ಸಾಕು. ಮಣ್ಣಿನ ಕೆಲಸಕ್ಕೆ ಲೇಟೆಕ್ಸ್ ಠಸ್ಸೆ ಸೊಗಸು, ಏಕೆಂದರೆ ಅದು ಉಬ್ಬುತಗ್ಗಿನ ಮೇಲೆ ಹೊಂದಿಕೊಂಡು ಕೂರುತ್ತದೆ. ಬಿಸಿ ಫೋಮಿಗೆ ಸಿಲಿಕಾನೇ ವಾಸಿ, ಅದು ಶಾಖ ತಡೆದುಕೊಳ್ಳುತ್ತದೆ.

ಠಸ್ಸೆಯ ಅಂಚನ್ನು ಚೌಕವಾಗಿ ಬಿಡಬೇಡಿ, ಅಂಕುಡೊಂಕಾಗಿ ಕತ್ತರಿಸಿ ತೆಳು ಮಾಡಿ. ಪ್ರತಿ ಸಲ ಒತ್ತುವಾಗ ತಿರುಗಿಸಿ ಒತ್ತಿ. ಹಾಗೆ ಮಾಡದಿದ್ದರೆ ಎದೆಯ ಮೇಲೆ ಟೈಲ್ಸ್ ಹಾಕಿಸಿದಂತಾಗುತ್ತದೆ.

ಗ್ರೇನಿನ ಗಾತ್ರ ಎಷ್ಟಿರಬೇಕು ಅನ್ನುವುದು ನೋಡುವವರು ಎಷ್ಟು ದೂರ ಕೂತಿದ್ದಾರೆ ಅನ್ನುವುದರ ಮೇಲೆ. ದಾವಣಗೆರೆ ಕಂಪನಿ ನಾಟಕಗಳ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ನಾಟಕದ ಕಿರೀಟ, ಭುಜಕೀರ್ತಿಗಳ ಕೆಲಸವನ್ನು ಹತ್ತಿರದಿಂದ ನೋಡಿ, ತುಂಬಾ ಒರಟು. ಕೊನೆಯ ಬೆಂಚಿನಿಂದ ನೋಡಿದಾಗ ಅದೇ ಜಗಜಗ. ವೇದಿಕೆಗಾದರೆ ಸೋಫಾ ರೆಕ್ಸಿನ್ನಿನ ದಪ್ಪ ಗ್ರೇನ್ ತೆಗೆದುಕೊಳ್ಳಿ. ಹ್ಯಾಂಡ್‌ಬ್ಯಾಗಿನ ನಯವಾದ ಗ್ರೇನ್ ಮೂರನೇ ಸಾಲಿಗೇ ಮಾಯ. ಕ್ಯಾಮೆರಾ ಹತ್ತಿರ ಬರುವ ಶಾರ್ಟ್ ಫಿಲಂಗೆ ಇದರ ಉಲ್ಟಾ.

ಮಣ್ಣು, ಅಚ್ಚು, ಲೇಟೆಕ್ಸ್: ಯಾವಾಗ ಇಷ್ಟು ಕಷ್ಟಪಡಬೇಕು?

ಎರಡೇ ಸಂದರ್ಭದಲ್ಲಿ. ಒಂದೇ ವೇಷ ಹಲವರಿಗೆ ಬೇಕಾದಾಗ, ಅಥವಾ ಜೋಡಣೆಯ ಗೆರೆ ಕಾಣದ ಒಂದೇ ಮೈ ಬೇಕಾದಾಗ. ಫೋಮಿನಲ್ಲಿ 6 ಜನರ ತಂಡಕ್ಕೆ ಮಾಡುವುದೆಂದರೆ 6 ಸಲ ಕತ್ತರಿಸಬೇಕು. ಅಚ್ಚು ಒಂದಿದ್ದರೆ ಎದೆಗವಚ ಎಷ್ಟು ಬೇಕಾದರೂ ಎಬ್ಬಿಸಬಹುದು. ಒಬ್ಬರಿಗೆ, ಒಂದು ದಿನಕ್ಕೆ ಆದರೆ ಸುಮ್ನೆ ಈ ತಲೆನೋವು ಬೇಡ ಅಂತ ನನ್ನ ಅಭಿಪ್ರಾಯ. ಮಣ್ಣಿನ ಕೆಲಸದ ಹುಚ್ಚು ಇರುವವರಿಗೆ ನಾನು ಹೇಳಿದರೂ ಕೇಳುವುದಿಲ್ಲ, ಅದು ಬೇರೆ ಮಾತು.

ಗಣಪತಿ ಮಾಡುವವರ ಜೇಡಿಮಣ್ಣೇ ಸಾಕು. ಟೈಲರ್ ಅಂಗಡಿಯ ಬೊಂಬೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಮಣ್ಣು ಮೆತ್ತಬಹುದು, ಆದರೆ ಬೊಂಬೆಯ ಅಳತೆ ನಿಮ್ಮದಕ್ಕಿಂತ ಚಿಕ್ಕದಿರಬಹುದು, ಟೇಪು ಹಿಡಿದು ನೋಡಿ. ಕೆಲಸ ನಿಲ್ಲಿಸಿದಾಗಲೆಲ್ಲ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ನಮ್ಮ ಕಡೆಯ ಒಣ ಗಾಳಿಗೆ ಮಣ್ಣು ಬೇಗ ಬಿರುಕು ಬಿಡುತ್ತದೆ. ಠಸ್ಸೆ ಒತ್ತಬೇಕಾದದ್ದು ಮಣ್ಣು ಸ್ವಲ್ಪ ಬಿಗಿದ ಮೇಲೆ, ಠಸ್ಸೆಗೆ ಪೌಡರ್ ಉದುರಿಸಿ. ನಿಜವಾದ ಚರ್ಮವನ್ನು ಗಮನಿಸಿ: ಉಬ್ಬಿನ ಮೇಲೆ ಗೆರೆ ಬಿಡಿಸಿಕೊಂಡು ತೆಳುವಾಗುತ್ತದೆ, ಕಂಕುಳ ಕಡೆ ಸುಕ್ಕು ಕೂಡುತ್ತದೆ. ಠಸ್ಸೆ ಹಾಕಿದ ಮೇಲೆ ಆ ಸುಕ್ಕುಗಳನ್ನು ಕಡ್ಡಿಯಿಂದ ತಿದ್ದಿದರೆ ಜೀವ ಬರುತ್ತದೆ. ಬೇಕಾದ್ದಕ್ಕಿಂತ ಒಂದು ಪಾಲು ಆಳವಾಗಿಯೇ ತಿದ್ದಿ. ಬಣ್ಣದ ಕೋಟುಗಳು ಅರ್ಧ ಗೆರೆಯನ್ನು ನುಂಗುತ್ತವೆ.

ಪಿಓಪಿ ಕಲಸುವಾಗ ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಮೊದಲ ಕೋಟು ತೆಳ್ಳಗೆ, ಬ್ರಷ್ಷಿನಿಂದ ಗೆರೆಯೊಳಗೆ ಹೋಗುವಂತೆ. ಆಮೇಲೆ ತೆಂಗಿನ ನಾರನ್ನು ಪಿಓಪಿಯಲ್ಲಿ ಅದ್ದಿ ಬಲ ಕೊಡಬೇಕು. ಮನೆಗಳಿಗೆ ಪಿಓಪಿ ಸೀಲಿಂಗ್ ಮಾಡುವವರನ್ನು ಒಮ್ಮೆ ನೋಡಿದರೆ ಈ ಕೆಲಸ ಅರ್ಥವಾಗುತ್ತದೆ. ಮಣ್ಣೂ ಮೆತ್ತಗೆ, ಲೇಟೆಕ್ಸೂ ಮೆತ್ತಗೆ ಆದ್ದರಿಂದ ಎದೆಯ ಮುಂಭಾಗಕ್ಕೆ ಒಂದೇ ತುಂಡಿನ ಅಚ್ಚು ಸಾಕು. ಪಿಓಪಿ ಗಟ್ಟಿಯಾಗುವಾಗ ಚೆನ್ನಾಗಿಯೇ ಬಿಸಿಯಾಗುತ್ತದೆ. ಅಚ್ಚು ಬೇಗ ಆಗಲಿ ಅಂತ ಯಾರ ಮೈ ಮೇಲೂ ನೇರವಾಗಿ ಸುರಿಯಬೇಡಿ, ಸುಟ್ಟ ಗಾಯ ಆಗುತ್ತದೆ.

ಅಚ್ಚು ಪೂರ್ತಿ ಒಣಗಿರಬೇಕು. ಲೇಟೆಕ್ಸಿನಲ್ಲಿರುವ ನೀರನ್ನು ಒಣ ಪಿಓಪಿ ಹೀರಿಕೊಳ್ಳುವುದರಿಂದಲೇ ಪದರ ಕಟ್ಟುವುದು. ಅದಕ್ಕೇ ಅಚ್ಚಿನ ಒಳಗೆ ಎಣ್ಣೆ, ವಾರ್ನಿಷ್ ಏನೂ ಹಚ್ಚುವಂತಿಲ್ಲ. ನಮ್ಮ ಬೇಸಿಗೆಯ ಬಿಸಿಲಿಗೆ ಅಚ್ಚು ಬೇಗ ಒಣಗುತ್ತದೆ, ಮಳೆಗಾಲದಲ್ಲಿ ಕಾಯಿಸುತ್ತದೆ. ಗಣಪತಿ ಹಬ್ಬಕ್ಕೆ ವೇಷ ಬೇಕಾದರೆ ಮೇ ತಿಂಗಳಲ್ಲೇ ಅಚ್ಚು ಮುಗಿಸಿಟ್ಟರೆ ನೆಮ್ಮದಿ. ಲೇಟೆಕ್ಸನ್ನು ಪದರ ಪದರವಾಗಿ ಹಚ್ಚಿ, ಹಿಂದಕ್ಕೆ ಮಲ್‌ಮಲ್ ಬಟ್ಟೆ ಕೂರಿಸಿ, ಉಬ್ಬಿನ ಒಳಗೆ ಸ್ಪಂಜು ತುಂಬಿ. ಎಬ್ಬಿಸುವ ಮೊದಲು ಟಾಲ್ಕಂ ಪೌಡರ್ ಉದುರಿಸಲೇಬೇಕು, ಲೇಟೆಕ್ಸ್ ಲೇಟೆಕ್ಸಿಗೆ ತಾಗಿದರೆ ಮತ್ತೆ ಬಿಡುವುದಿಲ್ಲ. ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ. ಒಣಗಿದಾಗ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಮಣ್ಣಿನ ರೂಪ ಒಂದಿಷ್ಟು ದೊಡ್ಡದಿರಲಿ. ಕೆಲವರಿಗೆ ಲೇಟೆಕ್ಸ್ ಅಲರ್ಜಿ ಇರುತ್ತದೆ. ಬಲೂನು, ರಬ್ಬರ್ ಗ್ಲೌಸ್ ಮುಟ್ಟಿದರೆ ತುರಿಕೆ ಬರುವವರಾದರೆ ಈ ದಾರಿಯೇ ಬೇಡ.

ಎರಡು ಭಾಗ ಬೆರೆಸಿ ಗಟ್ಟಿ ಮಾಡುವ ಸಿಲಿಕಾನಿನಲ್ಲೂ ಇಡೀ ತುಂಡು ಮಾಡಬಹುದು. ದುಬಾರಿ, ತೂಕ, ಮೇಲೆ ಬೇರೆ ಬಣ್ಣ ಹಿಡಿಯುವುದಿಲ್ಲ. ಗಂಧಕ ಇರುವ ಮಾಡೆಲಿಂಗ್ ಕ್ಲೇ ಮೇಲೆ ಪ್ಲಾಟಿನಂ ಜಾತಿಯ ಸಿಲಿಕಾನ್ ಸುರಿದರೆ ಗಟ್ಟಿಯಾಗದೆ ಅಂಟಂಟಾಗಿ ಉಳಿದುಬಿಡುತ್ತದೆ. ಇನ್ನು ಎರಡು ದ್ರವ ಬೆರೆಸಿದರೆ ಉಬ್ಬಿ ಬರುವ ಪಾಲಿಯುರಿಥೇನ್ ಫೋಮಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಬಣ್ಣ

ಫೋಮಿಗೆ ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಕೆಲವು ಕೋಟು ಹಚ್ಚಿ ಮೇಲೆ ಅಕ್ರಿಲಿಕ್ ಬಳಿಯಬಹುದು. ಅಗ್ಗವಾದರೂ ನೀರಿಗೆ ಮೆತ್ತಗಾಗುತ್ತದೆ. ಮಳೆ ಬೀಳುವ ಮೆರವಣಿಗೆಗೆ ರಬ್ಬರಿನಂಥ ಪದರ ಕಟ್ಟುವ ಸ್ಪ್ರೇ ತರಿಸಿಕೊಳ್ಳಿ. ಲೇಟೆಕ್ಸಿಗೆ ಸಾದಾ ಪೇಂಟ್ ಹಚ್ಚಿದರೆ ಹಿಗ್ಗಿದಾಗ ಬಿರುಕು ಬಿಡುತ್ತದೆ. ಅಕ್ರಿಲಿಕ್ಕಿಗೆ ಸ್ವಲ್ಪ ಲೇಟೆಕ್ಸನ್ನೇ ಬೆರೆಸಿ ಹಚ್ಚಬೇಕು.

ಗ್ರೇನ್ ಕಾಣಿಸುವ ಉಪಾಯ ಎಲ್ಲದಕ್ಕೂ ಒಂದೇ. ಕಪ್ಪು ಕಂದು ಬಣ್ಣವನ್ನು ನೀರಾಗಿ ಮಾಡಿ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿ. ಗೆರೆಯೊಳಗೆ ಕಪ್ಪು ಉಳಿಯುತ್ತದೆ, ಉಬ್ಬು ತಿಳಿಯಾಗುತ್ತದೆ. ಆಮೇಲೆ ಒಣ ಬ್ರಷ್ಷಿನಲ್ಲಿ ತಿಳಿ ಕಂದನ್ನು ಉಬ್ಬಿನ ತುದಿಗೆ ಸೋಕಿಸಿ. ಅಂಗಡಿಯಿಂದ ತಂದ ರೆಕ್ಸಿನ್ನಿಗೂ ಇದೇ ಉಪಚಾರ ಮಾಡಿ, ಆಗಲೇ ಎರಡೂ ಒಂದಾಗುವುದು. ಹೊಸ ರೆಕ್ಸಿನ್ನಿನ ಹೊಳಪು ಫೋಟೋದಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಹಾಕಿಕೊಂಡ ಮೇಲೆ

ರೆಕ್ಸಿನ್, ಫೋಮ್, ಲೇಟೆಕ್ಸ್ ಮೂರರಲ್ಲೂ ಗಾಳಿ ಆಡುವುದಿಲ್ಲ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಕಪ್ಪು ವೇಷ ಅಂದರೆ ಹುಡುಗಾಟ ಅಲ್ಲ. ಒಳಗೆ ತೆಳು ಹತ್ತಿ ಬನಿಯನ್ ಇರಲಿ. ಕಂಕುಳು ಮತ್ತು ಬೆನ್ನಿನ ನಡುವೆ ರೆಕ್ಸಿನ್ ಬದಲು ಕಪ್ಪು ಜಾಲರಿ ಬಟ್ಟೆ ಹೊಲಿಸಿ, ಯಾರಿಗೂ ಕಾಣುವುದಿಲ್ಲ. ಮುಖವಾಡ ಬೇಗ ತೆಗೆಯಲು ಆಗುವಂತಿರಲಿ. ಫೋಮಿನ ಕವಚವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅಂಟು ಬಿಡುತ್ತದೆ, ಬಾಗು ಕೆಡುತ್ತದೆ. ಲೇಟೆಕ್ಸ್ ತುಂಡನ್ನು ಪೌಡರ್ ಹಾಕಿ, ಕತ್ತಲೆಯ ಜಾಗದಲ್ಲಿ, ಮಡಚದೆ ಇಡಿ.

ಕವಚದ ತುಂಡುಗಳನ್ನು ರೆಕ್ಸಿನ್ನಿಗೆ ಅಂಟಿಸಿಬಿಡುವ ಬದಲು ವೆಲ್ಕ್ರೋ ಅಥವಾ ಬ್ಯಾಗಿನ ಬಕಲ್ ಹಾಕಿಸಿ. ಒಂದು ತುಂಡು ಹರಿದರೆ ಅದನ್ನಷ್ಟೇ ಬದಲಿಸಬಹುದು, ಒಳಗಿನದನ್ನು ಒರೆಸಿ ಒಣಗಿಸಬಹುದು. ಒನಕೆಗೆ ನಿಜವಾದ ಮರ ಬೇಡ. ಪಿವಿಸಿ ಪೈಪಿಗೆ ಫೋಮ್ ಸುತ್ತಿ ಮರದ ಬಣ್ಣ ಕೊಟ್ಟರೆ ಬೀಸುವವರಿಗೂ ಕ್ಷೇಮ, ಎದುರಿಗಿದ್ದವರಿಗೂ ಕ್ಷೇಮ. ಜಿಪ್ಪು ಬೆನ್ನಿಗಿದ್ದರೆ ನೋಡಲು ಅಚ್ಚುಕಟ್ಟು, ಆದರೆ ಪ್ರತಿ ಸಲ ಟಾಯ್ಲೆಟ್ಟಿಗೆ ಹೋಗಬೇಕಾದಾಗ ಇನ್ನೊಬ್ಬರನ್ನು ಕರೆಯಬೇಕು. ಪಕ್ಕೆಗೆ, ಕೈ ತಗ್ಗಿಸಿದರೆ ಮರೆಯಾಗುವ ಕಡೆ ಹಾಕಿಸಿ. ಟಾಪು, ಪ್ಯಾಂಟು ಬೇರೆ ಬೇರೆ ಇದ್ದು ನಡುವಿನ ಗೆರೆಯನ್ನು ಸೊಂಟಪಟ್ಟಿ ಮುಚ್ಚಿದರೆ ಇನ್ನೂ ಆರಾಮ.